ಹಗ್ಗ ಹಿಡಿದ ಕೈಗೆ ಲೆಕ್ಕ ಗೊತ್ತುಂಟು

ಮೇ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಕರಾವಳಿಯ ದಕ್ಕೆಗಳಲ್ಲಿ, ಹೊಳೆ ಬದಿಯ ಯಾರ್ಡ್‌ಗಳಲ್ಲಿ ಗಡಿಬಿಡಿ ಶುರುವಾಗುತ್ತದೆ. ಜೂನ್ 1ರಿಂದ ಜುಲೈ 31ರ ತನಕ, ಅಂದರೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಅಷ್ಟರೊಳಗೆ ಬೋಟ್‌ಗಳು ದಕ್ಕೆ ಸೇರಬೇಕು. ಅಡಿ ಸವೆದದ್ದು, ಹಲಗೆ ಬಿಟ್ಟದ್ದು, ಫ್ಯಾನ್ ಕೆಟ್ಟದ್ದು ದುರಸ್ತಿಗಾಗಿ ದಡ ಹತ್ತಬೇಕು. ಸಣ್ಣ ನಾಡದೋಣಿಗಳನ್ನು ಕಡಲಿನ ಅಬ್ಬರ ಮುಟ್ಟದಷ್ಟು ದೂರಕ್ಕೆ ಎಳೆದಿಡಬೇಕು. ಆಗಸ್ಟ್ ಹತ್ತಿರ ಬಂದ ಹಾಗೆ ಇದೇ ಕೆಲಸ ತಿರುಗಾ ಮುರುಗಾ: ಮೇಲೆ ಬಂದದ್ದೆಲ್ಲ ಕೆಳಗೆ ಇಳಿಯಬೇಕು.

ಬೋಟ್‌ನಲ್ಲಿ ಹೋಗುವವರ ಬಗ್ಗೆ ನಾವು ಓದಿದ್ದೇವೆ, ಬರೆದಿದ್ದೇವೆ. ತಾಂಡೇಲನ ಕಥೆ, ಬಲೆಯ ಕಥೆ, ಮತ್ಸ್ಯಕ್ಷಾಮದ ಕಥೆ ಎಲ್ಲ ಬಂದಿದೆ. ಆದರೆ ಆ ಬೋಟನ್ನು ನೀರಿನಿಂದ ಮೇಲೆ ತಂದು, ಪುನಃ ನೀರಿಗೆ ಬಿಡುವವರ ಬಗ್ಗೆ ಬರೆದದ್ದು ಕಡಿಮೆ. "ಅವರದ್ದೆಂತ, ಎಳೆಯುವ ಕೆಲಸ" ಎಂದು ಬಿಟ್ಟುಬಿಡುತ್ತೇವೆ. ನಿಜ ಹಾಗಿಲ್ಲ. ಟನ್‌ಗಟ್ಟಲೆ ತೂಕವನ್ನು ಕೈಯಲ್ಲಿ ಸರಿಸುವುದು ತೋಳಿನ ಕೆಲಸಕ್ಕಿಂತ ಹೆಚ್ಚಾಗಿ ತಲೆಯ ಕೆಲಸ. ಆ ತಲೆಗೆ ನಾವು ಕೊಡಬೇಕಾದ ಮರ್ಯಾದೆಯನ್ನೂ ಭದ್ರತೆಯನ್ನೂ ಇನ್ನೂ ಕೊಟ್ಟಿಲ್ಲ. ಈ ವಾರ ಅದರ ಬಗ್ಗೆಯೇ ಎರಡು ಮಾತು.

ಗಾಲಿ ಇದ್ದರೆ ಸಾಲದು

ಮೊದಲು ಸಣ್ಣದರಿಂದ ಶುರು ಮಾಡೋಣ. ಒಂದು ಫೈಬರ್ ದೋಣಿ, ಅದರ ಅಡಿಗೆ ಎರಡು ಗಾಲಿಯ ಟ್ರಾಲಿ, ಮುಂದೆ ಹಿಡಿದು ಎಳೆಯಲು ಉದ್ದದ ಕಬ್ಬಿಣದ ದಂಡು. ದೋಣಿ, ಟ್ರಾಲಿ ಎಲ್ಲ ಸೇರಿ ಒಂದೂವರೆ ಟನ್ ಎಂದಿಟ್ಟುಕೊಳ್ಳಿ. ಗಟ್ಟಿ ಕಾಂಕ್ರೀಟ್ ನೆಲದಲ್ಲಿ, ಗಾಳಿ ತುಂಬಿದ ಚಕ್ರದ ಮೇಲೆ ಇದನ್ನು ಉರುಳಿಸಲು ಬೇಕಾದ ಬಲ ಸುಮಾರು 30 ಕಿಲೋ ತೂಕದಷ್ಟು ಮಾತ್ರ. ಇಬ್ಬರು ಹುಡುಗರು ನಗುತ್ತಾ ಮಾತಾಡುತ್ತಾ ಎಳೆಯಬಹುದು. ಅದೇ ಟ್ರಾಲಿ ಒಣ ಹೊಯಿಗೆಗೆ ಇಳಿಯಲಿ. ಚಕ್ರ ಹೂತುಕೊಳ್ಳುತ್ತದೆ, ಪ್ರತಿ ಹೆಜ್ಜೆಗೂ ತನ್ನ ಮುಂದೆ ತಾನೇ ಒಂದು ದಿಣ್ಣೆ ಕಟ್ಟಿಕೊಂಡು ಅದನ್ನು ಹತ್ತಬೇಕಾಗುತ್ತದೆ. ಆಗ ಬೇಕಾಗುವ ಬಲ ಹತ್ತು ಪಟ್ಟು. 30 ಇದ್ದದ್ದು 300 ಆಯಿತು. ಒಬ್ಬ ಮನುಷ್ಯ ಕಾಲೂರಿ ಸತತವಾಗಿ ಕೊಡಬಹುದಾದ ಬಲ 25, 30 ಕಿಲೋ. ಅಂದರೆ ಹತ್ತು ಹನ್ನೆರಡು ಜನ ಬೇಕು.

ಮೇಲೆ ಹತ್ತಬೇಕಾದರೆ ಲೆಕ್ಕ ಇನ್ನೂ ಬೇರೆ. ಹತ್ತು ಅಡಿ ಹೋದರೆ ಒಂದು ಅಡಿ ಏರುವ ಇಳಿಜಾರು ಕಣ್ಣಿಗೆ ದೊಡ್ಡದಾಗಿ ಕಾಣುವುದಿಲ್ಲ. ಆದರೆ ಒಂದೂವರೆ ಟನ್‌ನ ಹತ್ತನೇ ಒಂದು ಪಾಲು, 150 ಕಿಲೋ, ಸದಾ ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಹೊಯಿಗೆಯ 300ಕ್ಕೆ ಇದನ್ನೂ ಸೇರಿಸಿದರೆ 450. ಅದೂ ನಿಲ್ಲಿಸಿದರೂ ನಿಲ್ಲದ ಎಳೆತ. ಉಸಿರು ತೆಗೆದುಕೊಳ್ಳಲು ಕೈಬಿಟ್ಟರೆ ಕಥೆ ಮುಗಿಯಿತು.

ಹಾಗಾಗಿ ಕೆಲಸ ಗೊತ್ತಿದ್ದವರು ಎಳೆಯುವುದಕ್ಕೆ ಮೊದಲು ಅರ್ಧ ಗಂಟೆ ಬೇರೆ ಏನೇನೋ ಮಾಡುತ್ತಾರೆ. ನೋಡುವವರಿಗೆ ಅದು ಹೊತ್ತು ಕಳೆಯುವ ಹಾಗೆ ಕಾಣುತ್ತದೆ. ಇಂಜಿನ್ ಬಿಚ್ಚುತ್ತಾರೆ. ಬಲೆ, ಐಸ್ ಪೆಟ್ಟಿಗೆ ಇಳಿಸುತ್ತಾರೆ. ಅಡಿಯ ಬೂಚು ತೆಗೆದು ಒಳಗಿನ ನೀರು ಬಿಡುತ್ತಾರೆ. ನೂರು ಲೀಟರ್ ನೀರೆಂದರೆ ನೂರು ಕಿಲೋ, ಅದೂ ಅತ್ತಿತ್ತ ಓಡಾಡುವ ಭಾರ. ಚಕ್ರದ ಗಾಳಿ ಸ್ವಲ್ಪ ಇಳಿಸುತ್ತಾರೆ. ಟಯರ್ ಅಗಲವಾಗಿ ಕೂತರೆ ಕಡಿಮೆ ಹೂಳುತ್ತದೆ. ಹಲಗೆಯೋ ಅಡಿಕೆ ಮರದ ಸೀಳೋ ಚಕ್ರದ ದಾರಿಗೆ ಹಾಸುತ್ತಾರೆ. ಒಣ ಹೊಯಿಗೆ ಬಿಟ್ಟು, ನೀರು ಈಗಷ್ಟೇ ಇಳಿದ ಒದ್ದೆ ಗಟ್ಟಿ ಹೊಯಿಗೆಯ ಮೇಲೆ ಆದಷ್ಟು ದೂರ ಸಾಗುತ್ತಾರೆ. ಹೀಗೆ 300 ಕಿಲೋದ ಕೆಲಸವನ್ನು ನೂರಕ್ಕೆ ತಂದ ಮೇಲೆಯೇ ಕೈ ಹಚ್ಚುವುದು.

ಹುಗಿದು ನಿಂತ ಟ್ರಾಲಿಯನ್ನು ನೇರವಾಗಿ ದೂಡಿದರೆ ಅಲುಗುವುದಿಲ್ಲ. ಆಗ ಮುಂದಿನ ದಂಡನ್ನು ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತಾರೆ. ದಂಡು ಉದ್ದವಾದಷ್ಟು ಅದು ಹಾರೆಯ ಕೆಲಸ ಮಾಡುತ್ತದೆ. ಎಡಕ್ಕೆ ತಿರುಗಿಸುವಾಗ ಬಲದ ಚಕ್ರ ನಾಲ್ಕು ಇಂಚು ಮುಂದೆ, ಬಲಕ್ಕೆ ತಿರುಗಿಸುವಾಗ ಎಡದ ಚಕ್ರ ನಾಲ್ಕು ಇಂಚು ಮುಂದೆ. ಹೀಗೆ ಹೆಜ್ಜೆ ಹಾಕಿಸಿಕೊಂಡು ಗುಂಡಿಯಿಂದ ಹೊರಗೆ ತರುತ್ತಾರೆ. ಹೊರಗೆ ಬಂದು ಉರುಳಲು ಶುರುವಾದ ಮೇಲೆ ನಿಲ್ಲಿಸುವುದಿಲ್ಲ. ಹೊರಡಿಸುವುದಕ್ಕೆ ಬೇಕಾಗುವ ಬಲ ಓಡಿಸುವುದಕ್ಕೆ ಬೇಕಾಗುವುದಿಲ್ಲ.

ಇಲ್ಲಿ ಒಂದು ಅಪಾಯ ಹೇಳಲೇಬೇಕು. ಟ್ರಾಲಿಯ ಮೇಲೆ ದೋಣಿ ಕೂರಿಸುವಾಗ ಭಾರ ಚಕ್ರದ ಅಚ್ಚಿಗಿಂತ ತುಸು ಮುಂದೆ ಬೀಳಬೇಕು. ಭಾರ ಹಿಂದಾದರೆ ದಂಡು ಹಗುರವಾಗುತ್ತದೆ. ಎಳೆಯುವವನಿಗೆ ಸುಖ ಅನ್ನಿಸುತ್ತದೆ. ಸಣ್ಣ ಏರು ಸಿಕ್ಕಿದ ಕೂಡಲೇ ಅದೇ ದಂಡು ಫಕ್ಕನೆ ಮೇಲೆ ಹಾರಿ ಗಲ್ಲಕ್ಕೋ ಎದೆಗೋ ಬಡಿಯುತ್ತದೆ. ಹಿಂದೆ ಹುಟ್ಟಿನ ಹತ್ತಿರ ನಿಂತವನ ಮೇಲೆ ದೋಣಿ ಕೂರುತ್ತದೆ. ಎಳೆಯುವವನಿಗೆ ದಂಡಿನಲ್ಲಿ ಸ್ವಲ್ಪ ಭಾರ ಇದ್ದರೇ ಕ್ಷೇಮ.

ತೆಂಗಿನ ಬುಡಕ್ಕೆ ಮೂರು ಸುತ್ತು

ಮೇಲೆ ಎಳೆಯುವುದು ಕಷ್ಟ, ಕೆಳಗೆ ಬಿಡುವುದು ಸುಲಭ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಯಾರ್ಡ್‌ನ ಹಿರಿಯರನ್ನು ಕೇಳಿದರೆ ತಿರುಗಿಸಿ ಹೇಳುತ್ತಾರೆ. ಮೇಲೆ ಎಳೆಯುವಾಗ ಸುಸ್ತಾಗುತ್ತದೆ, ಕೆಳಗೆ ಬಿಡುವಾಗ ಜೀವ ಹೋಗುತ್ತದೆ.

ಇಳಿಸುವಾಗ ಅವರು ದೋಣಿಯನ್ನು ಕೈಯಲ್ಲಿ ತಡೆಯಲು ಹೋಗುವುದೇ ಇಲ್ಲ. ಮೇಲ್ಬದಿಯಲ್ಲಿರುವ ತೆಂಗಿನ ಬುಡಕ್ಕೋ ಹೂತ ಕಂಬಕ್ಕೋ ಹಗ್ಗವನ್ನು ಎರಡು ಮೂರು ಸುತ್ತು ಹಾಕುತ್ತಾರೆ. ಒಂದು ತುದಿ ದೋಣಿಗೆ, ಇನ್ನೊಂದು ತುದಿ ಒಬ್ಬನ ಕೈಗೆ. ಮೂರು ಸುತ್ತು ಹಾಕಿದ ಹಗ್ಗದಲ್ಲಿ ಮರಕ್ಕೂ ಹಗ್ಗಕ್ಕೂ ನಡುವಿನ ಉಜ್ಜಾಟವೇ ಭಾರ ಹೊರುತ್ತದೆ. ಉಜ್ಜಾಟ ಸಾಧಾರಣ ಇದ್ದರೂ ಕೈಯಲ್ಲಿ ಹಿಡಿದ ಬಲದ ನೂರು ಪಟ್ಟು ಆ ಕಡೆ ತಡೆಯುತ್ತದೆ. ಹತ್ತು ಕಿಲೋ ಬಲದಲ್ಲಿ ಹಿಡಿದವನು ಒಂದು ಟನ್ ಎಳೆತವನ್ನು ನಿಲ್ಲಿಸಬಹುದು. ಸಡಿಲ ಬಿಟ್ಟರೆ ಇಂಚು ಇಂಚಾಗಿ ಇಳಿಯುತ್ತದೆ, ಬಿಗಿ ಹಿಡಿದರೆ ನಿಲ್ಲುತ್ತದೆ. ಒಂದು ಸುತ್ತು ಕಡಿಮೆಯಾದರೆ ಈ ನೂರು ಪಟ್ಟು ಇಪ್ಪತ್ತು ಪಟ್ಟಿನ ಆಸುಪಾಸಿಗೆ ಇಳಿಯುತ್ತದೆ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಮಕ್ಕಳು ಸೂತ್ರ ಹಾಕಿ ಕಲಿಯುವ ವಿಷಯ ಇದು. ನಮ್ಮ ದಕ್ಕೆಯಲ್ಲಿ ಶಾಲೆಯ ಮುಖ ಸರಿಯಾಗಿ ನೋಡದ ಕಾಕ, "ಮೂರು ಸುತ್ತು ಹಾಕು ಮಗಾ, ಎರಡರಲ್ಲಿ ನಿಲ್ಲುದಿಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಅದರ ಜತೆಗೆ ಬೆಣೆ ಹಾಕುವವನು. ಚಕ್ರದ ಇಳಿಜಾರಿನ ಬದಿಗೆ ಮರದ ತುಂಡು ಹಿಡಿದು, ಟ್ರಾಲಿ ಒಂದಡಿ ಹೋದ ಹಾಗೆ ತಾನೂ ಒಂದಡಿ ಸರಿಯುತ್ತಾನೆ. ಕೂಲಿ ಹಂಚುವಾಗ ಇವನನ್ನು ಕೆಲವರು ಅರ್ಧ ಆಳೆಂದು ಲೆಕ್ಕ ಹಾಕುವುದುಂಟು, ಎಳೆಯಲಿಲ್ಲವಲ್ಲ ಎಂದು. ಹಗ್ಗ ಕೈತಪ್ಪಿದ ದಿನ ಎಲ್ಲರನ್ನೂ ಉಳಿಸುವವನು ಅವನೇ.

ಹೂವಿನಂತೆ ತೇಲಿದ್ದು ದಡದಲ್ಲಿ ಬಂಡೆ

ಈಗ ದೊಡ್ಡ ಬೋಟ್‌ಗೆ ಬರೋಣ. ಹತ್ತಾರು ಟನ್ ತೂಗುವ ಟ್ರಾಲ್ ಬೋಟ್‌ಗೆ ಎರಡು ಗಾಲಿಯ ಟ್ರಾಲಿ ಆಗುವುದಿಲ್ಲ. ಇಲ್ಲಿ ಮೊದಲ ಆಳು ನೀರು. ಅಮಾವಾಸ್ಯೆ, ಹುಣ್ಣಿಮೆ ಬದಿಯ ದೊಡ್ಡ ಭರತ ನೋಡಿಕೊಂಡು ಬೋಟನ್ನು ಆದಷ್ಟು ಮೇಲಿನವರೆಗೆ ತೇಲಿಸಿಯೇ ತರುತ್ತಾರೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಆ ಹೊತ್ತು ತಪ್ಪಿದರೆ ಮುಂದಿನ ಭರತಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ಕಾಯಬೇಕು. ಬೋಟ್ ಮಾಲಕರು ಗಡಿಯಾರ ನೋಡುವಾಗ ಎಳೆಯುವವರು ಚಂದ್ರನನ್ನು ನೋಡುವುದು ಇದಕ್ಕೇ.

ನೀರು ಕೈಬಿಟ್ಟ ಜಾಗದಿಂದ ಮುಂದೆ ಉರುಳು ಮರ. ನೆಲಕ್ಕೆ ದಪ್ಪ ಹಲಗೆಗಳನ್ನು ರೈಲು ಹಳಿಯ ಹಾಗೆ ಹಾಸಿ, ಅದರ ಮೇಲೆ ಅಡ್ಡಲಾಗಿ ಉರುಟು ಮರದ ತುಂಡುಗಳು, ಅದರ ಮೇಲೆ ಬೋಟ್. ಬೋಟ್ ಎರಡು ಅಡಿ ಹೋದರೆ ಉರುಳು ಒಂದೇ ಅಡಿ ಹೋಗುತ್ತದೆ. ಹಾಗಾಗಿ ಉರುಳುಗಳು ಒಂದೊಂದಾಗಿ ಹಿಂದೆ ಉಳಿಯುತ್ತವೆ. ಅವುಗಳನ್ನು ಹೊತ್ತು ಮುಂದೆ ತಂದು ಕೊಡುವುದಕ್ಕೆಂದೇ ಹುಡುಗರು ಇರುತ್ತಾರೆ. ಬೋಟ್ ಎಡಕ್ಕೆ ತಿರುಗಬೇಕಾದರೆ ಬೋಟನ್ನು ಮುಟ್ಟುವುದಿಲ್ಲ, ಉರುಳಿನ ತುದಿಗೆ ಸುತ್ತಿಗೆಯಲ್ಲಿ ಎರಡು ಪೆಟ್ಟು. ಉರುಳು ಓರೆಯಾದ ಕಡೆಗೆ ಬೋಟ್ ತಾನಾಗಿ ತಿರುಗುತ್ತದೆ.

ಎಳೆಯುವುದಕ್ಕೆ ಕಪ್ಪಿ. ಬಾವಿಯ ಒಂದೇ ಕಪ್ಪಿ ದಿಕ್ಕು ಬದಲಿಸುತ್ತದೆ ಅಷ್ಟೆ, ಭಾರ ಕಡಿಮೆ ಮಾಡುವುದಿಲ್ಲ. ಭಾರದ ಜತೆ ತಾನೂ ಚಲಿಸುವ ಕಪ್ಪಿ ಹಾಕಿದರೆ ಅರ್ಧ ಬಲ ಸಾಕು. ಎರಡೆರಡು ಗಾಲಿಯ ಎರಡು ಕಪ್ಪಿಗಳಲ್ಲಿ ನಾಲ್ಕು ಎಳೆ ಹಗ್ಗ ಓಡಿದರೆ ಕಾಲು ಭಾಗ ಬಲ. ಅದಕ್ಕೆ ತೆರುವ ಬೆಲೆ: ಬೋಟ್ ಒಂದಡಿ ಬರಲು ಹಗ್ಗ ನಾಲ್ಕು ಅಡಿ ಎಳೆಯಬೇಕು. ಬಲ ಉಳಿದಷ್ಟು ಹೊತ್ತು ಹೋಗುತ್ತದೆ. ಇದರಲ್ಲಿ ಮೋಸ ಇಲ್ಲ, ಮಂತ್ರವೂ ಇಲ್ಲ.

ಆ ಹಗ್ಗದ ತುದಿಯನ್ನು ಸುತ್ತುವುದು ನಿಂತ ರಾಟೆಗೆ. ಮಲಬಾರಿನ ಖಲಾಸಿಗಳು ಇದಕ್ಕೆ ದವರ್ ಎನ್ನುತ್ತಾರೆ. ನೆಟ್ಟಗೆ ನಿಂತ ದಪ್ಪ ಕಂಬ, ಅದಕ್ಕೆ ಅಡ್ಡ ಚುಚ್ಚಿದ ಉದ್ದದ ಮರಗಳು. ಗಾಣದ ಎತ್ತಿನ ಹಾಗೆ ಜನ ಸುತ್ತ ನಡೆಯುತ್ತಾ ಮರವನ್ನು ದೂಡುತ್ತಾರೆ. ಕಂಬದ ನಡುವಿನಿಂದ ಅಂಚಿಗೆ ಅರ್ಧ ಅಡಿ, ದೂಡುವವನು ನಿಂತದ್ದು ಆರು ಅಡಿ ದೂರದಲ್ಲಿ ಎಂದಾದರೆ ಬಲ ಹನ್ನೆರಡು ಪಟ್ಟು. ಕಪ್ಪಿಯ ನಾಲ್ಕು ಪಟ್ಟು ಸೇರಿದರೆ ನಲ್ವತ್ತೆಂಟು. ಉಜ್ಜಾಟಕ್ಕೆ ಒಂದಷ್ಟು ಹೋಗಿ ಮೂವತ್ತು ಉಳಿಯಿತು ಎನ್ನೋಣ. ಎಂಟು ಜನ ತಲಾ 20 ಕಿಲೋ ಬಲ ಹಾಕಿದರೂ ಆ ಕಡೆ ಸುಮಾರು 5 ಟನ್ ಎಳೆತ. ಉರುಳಿನ ಮೇಲೆ ಕೂತ ಐವತ್ತು ಟನ್ ಬೋಟನ್ನು ಸಮತಟ್ಟು ಜಾಗದಲ್ಲಿ ಸರಿಸಲು ಇಷ್ಟು ಧಾರಾಳ. ಎಂಟೇ ಜನ! ಇಂಜಿನ್ ಇಲ್ಲ, ಡೀಸೆಲ್ ಇಲ್ಲ.

ಬೇಪೂರಿನಿಂದ ಪೆರುಮಣ್‌ಗೆ

ಈ ವಿದ್ಯೆಯನ್ನು ಪೂರ್ತಿಯಾಗಿ ಉಳಿಸಿಕೊಂಡವರು ಕೋಝಿಕ್ಕೋಡ್ ಪಕ್ಕದ ಬೇಪೂರಿನ ಮಾಪ್ಪಿಳ ಖಲಾಸಿಗಳು. ಚಾಲಿಯಾರ್ ಹೊಳೆ ಕಡಲು ಸೇರುವ ಜಾಗದಲ್ಲಿ ಮರದ ಉರು ಕಟ್ಟುತ್ತಾರೆ. ಕೊಲ್ಲಿ ದೇಶಗಳಿಗೆ ಹೋಗುವ ಈ ಹಡಗುಗಳನ್ನು ಕಟ್ಟುವುದು ಬಡಗಿಗಳು, ನೀರಿಗೆ ಇಳಿಸುವುದು ಖಲಾಸಿಗಳು. ನೂರಾರು ಟನ್ ಮರವನ್ನು ಒಂದು ಸೀಳೂ ಬೀಳದ ಹಾಗೆ ಹೊಳೆಗೆ ತಲುಪಿಸಲು ಅವರಿಗೆ ಬೇಕಾದ್ದು ಉರುಳು, ಕಪ್ಪಿ, ದವರ್, ಹಗ್ಗ ಮತ್ತು ಒಬ್ಬ ಮೂಪ್ಪನ್. ಮೂಪ್ಪನ್ ಎಂದರೆ ಹಿರಿಯ, ಮುಂದಾಳು. ಅವನು ಹಗ್ಗ ಮುಟ್ಟುವುದಿಲ್ಲ. ಎಲ್ಲವೂ ಕಾಣುವ ಜಾಗದಲ್ಲಿ ನಿಂತು ನೋಡುತ್ತಾನೆ, ಕೂಗುತ್ತಾನೆ. ಅವನ ಒಂದು ಮಾತಿಗೆ ಎಲ್ಲ ಕೈ ನಿಲ್ಲಬೇಕು, ಒಂದು ಮಾತಿಗೆ ಎಲ್ಲ ಕೈ ಏಳಬೇಕು.

ಇವರ ಹೆಸರು ದೇಶಕ್ಕೆ ಗೊತ್ತಾದದ್ದು ಒಂದು ದುರಂತದಲ್ಲಿ. 1988ರ ಜುಲೈ 8ರಂದು ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೊರಟಿದ್ದ ಐಲ್ಯಾಂಡ್ ಎಕ್ಸ್‌ಪ್ರೆಸ್ ರೈಲು ಕೊಲ್ಲಂ ಹತ್ತಿರದ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಹಿನ್ನೀರಿಗೆ ಉರುಳಿತು. 105 ಮಂದಿ ತೀರಿಹೋದರು. ಮುಳುಗಿದ ಬೋಗಿಗಳನ್ನು ಎತ್ತಲು ಕ್ರೇನ್‌ಗಳು ಪರದಾಡಿದಾಗ ಬೇಪೂರಿನ ಖಲಾಸಿಗಳನ್ನು ಕರೆಸಲಾಯಿತು. ಅವರು ತಂದದ್ದು ಅದೇ ಹಗ್ಗ, ಅದೇ ಕಪ್ಪಿ, ಅದೇ ದವರ್. ಕೆಸರಿನಲ್ಲಿ ಹೂತ ಬೋಗಿಗಳನ್ನು ಅವರು ದಡಕ್ಕೆ ತಂದರು. ತಮ್ಮವರ ಮಯ್ಯತ್ತಿಗಾಗಿ, ಹೆಣಕ್ಕಾಗಿ ದಡದಲ್ಲಿ ಕಾದು ಕೂತವರ ಪಾಲಿಗೆ ಆ ಹಗ್ಗದ ಬೆಲೆ ಏನಿದ್ದೀತು, ಯೋಚಿಸಿ.

ಕ್ರೇನ್ ದೊಡ್ಡ ಯಂತ್ರ, ಸುಳ್ಳಲ್ಲ. ಆದರೆ ಅದಕ್ಕೆ ನಿಲ್ಲಲು ಗಟ್ಟಿ ನೆಲ ಬೇಕು, ಬರಲು ಅಗಲದ ದಾರಿ ಬೇಕು. ಕಡಲಿಗೂ ಫಲ್ಗುಣಿ ಹೊಳೆಗೂ ನಡುವೆ ಹೊಯಿಗೆಯ ಪಟ್ಟಿಯಾಗಿ ಚಾಚಿರುವ ಬೆಂಗ್ರೆಯಂತಹ ಜಾಗದಲ್ಲಿ, ಓಣಿಯ ಕೊನೆಯ ಯಾರ್ಡ್‌ಗಳಲ್ಲಿ ಎರಡೂ ಸಿಗುವುದಿಲ್ಲ. ಅಲ್ಲಿ ಕೇಳುವ ಮಾತುಕತೆ ಹೀಗಿರುತ್ತದೆ:

"ಕಾಕ, ಒಂದು ಕ್ರೇನ್ ತರಿಸಿದ್ರೆ ಆಗುದಿಲ್ವಾ?"

"ತರಿಸು ಮಾರಾಯ. ಬೋಟ್ ಎತ್ತುವ ಮೊದಲು ನಿನ್ನ ಕ್ರೇನನ್ನು ನಾವು ಎತ್ತಬೇಕಾದೀತು, ಗೊತ್ತುಂಟಾ?"

ಕೂಗು ಯಾಕೆ ಬೇಕು?

ಎಳೆಯುವಾಗ ಹಾಡುವುದು, ಕೂಗುವುದು ಬೇಸರ ಕಳೆಯಲು ಎಂದು ತಿಳಿಯಬೇಡಿ. ಇಪ್ಪತ್ತು ಜನ ಇಪ್ಪತ್ತು ಹೊತ್ತಿಗೆ ಎಳೆದರೆ ಬೋಟ್ ಅಲುಗದು. ಕಾಲು ನಿಮಿಷದಲ್ಲಿ ಹಂಚಿಹೋಗುವ ಬಲ ಒಂದೇ ಕ್ಷಣಕ್ಕೆ ಬಿದ್ದರೆ ಮಾತ್ರ ಹುಗಿದದ್ದು ಕಿತ್ತು ಬರುತ್ತದೆ. ಮುಂದಾಳು ಒಂದು ಸಾಲು ಹೇಳುತ್ತಾನೆ, ಉಳಿದವರು ಉತ್ತರ ಕೊಡುತ್ತಾರೆ. ಉತ್ತರದ ಕೊನೆಯ ಒತ್ತು ಬಿದ್ದಲ್ಲಿ ಎಲ್ಲರ ಬೆನ್ನೂ ಒಟ್ಟಿಗೆ ಬಾಗುತ್ತದೆ. ಮುಂದಾಳು ಹೇಳುವ ಸಾಲಿನ ಹೊತ್ತು ಉಸಿರು ತೆಗೆದುಕೊಳ್ಳಲು. ಅಂದರೆ ಹಾಡಿನೊಳಗೆ ಕೆಲಸವೂ ಉಂಟು, ವಿರಾಮವೂ ಉಂಟು. ಮಲಬಾರಿನ ಖಲಾಸಿ ಹಾಡುಗಳನ್ನು ಕೇಳಿದ ಬ್ಯಾರಿಗಳಿಗೆ ಅರ್ಧಕ್ಕರ್ಧ ತನ್ನಿಂತಾನೇ ಅರ್ಥವಾಗುತ್ತದೆ, ಭಾಷೆ ಅಷ್ಟು ಹತ್ತಿರ. ನಮ್ಮ ತೀರದಲ್ಲಿ ಮೊಗವೀರ ಅಣ್ಣಂದಿರ "ಐಲೇಸಾ"ಗೆ ದನಿ ಸೇರಿಸಿ ಹಗ್ಗ ಹಿಡಿದ ಬ್ಯಾರಿಗಳೂ ಕಡಿಮೆಯಲ್ಲ. ಹಗ್ಗದಲ್ಲಿ ಯಾವ ಕೈ ಯಾರದ್ದು ಎಂದು ಬೋಟ್ ಕೇಳುವುದಿಲ್ಲ.

ಖಲಾಸಿ ಎಂಬ ಹೆಸರು

ಖಲಾಸಿ ಎಂಬ ಪದದ ಬೇರು ಅರಬಿಯ ಖಲಾಸ್, ಬಿಡುಗಡೆ. ಕಟ್ಟಿದ್ದನ್ನು ಬಿಡಿಸುವವನು, ಸಿಕ್ಕಿಕೊಂಡದ್ದನ್ನು ಹೊರಗೆ ತರುವವನು. ಮಂಗಳೂರಿನ ಬಂದರ್‌ನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊತ್ತ ಮಂಜಿಗಳಲ್ಲಿ ದುಡಿದ ನಮ್ಮ ಅಜ್ಜಂದಿರಿಗೂ ಇದೇ ಹೆಸರು. ಆದರೆ ಇಂದು ನಿಕಾಹ್ ಮಾತುಕತೆಯಲ್ಲಿ ಹುಡುಗನ ಕೆಲಸ ಏನೆಂದು ಕೇಳಿದಾಗ "ಯಾರ್ಡ್‌ನಲ್ಲಿ ಬೋಟ್ ಎಳೆಯುದು" ಎಂದು ಹೇಳಲು ಮನೆಯವರು ಹಿಂದೆಮುಂದೆ ನೋಡುತ್ತಾರೆ. ಅದೇ ಹುಡುಗ ಗಲ್ಫಿಗೆ ಹೋಗಿ ರಿಗ್ಗರ್ ಎಂಬ ಹೆಸರಿನಲ್ಲಿ ಹಗ್ಗ, ಕಪ್ಪಿ, ಕೊಂಡಿಗಳ ಕೆಲಸವನ್ನೇ ಮಾಡಿದರೆ ಅದಕ್ಕೆ ಸರ್ಟಿಫಿಕೇಟ್ ಉಂಟು, ಹೆಲ್ಮೆಟ್ ಉಂಟು, ಮನೆಯವರಿಗೆ ಹೇಳಿಕೊಳ್ಳಲು ಹೆಮ್ಮೆಯೂ ಉಂಟು. ಕೆಲಸ ಒಂದೇ, ಹೆಸರು ಬೇರೆ.

ಮರ್ಯಾದೆ ಇಲ್ಲದ ಕಡೆ ಕಲಿಯುವವರೂ ಬರುವುದಿಲ್ಲ. ಕಲಿತವರು ಕಡಿಮೆಯಾದ ಹಾಗೆ, ದಾರಿಯಲ್ಲಿ ಹೋಗುವವರನ್ನು ಕರೆದು "ಒಂದು ಕೈ ಕೊಡಿ" ಎನ್ನುವ ಪದ್ಧತಿ ಬಂದಿದೆ. ಅಪಾಯ ಇರುವುದು ಇಲ್ಲಿಯೇ. ಹೊಸಬನಿಗೆ ಬಲ ಇರುತ್ತದೆ, ಎಲ್ಲಿ ನಿಲ್ಲಬಾರದು ಎಂಬುದು ಗೊತ್ತಿರುವುದಿಲ್ಲ.

ಆದ್ದರಿಂದ ಯಾರ್ಡ್‌ಗೆ ಹೋಗುವ ಹುಡುಗರಿಗೂ, ಕಳುಹಿಸುವ ಮನೆಯವರಿಗೂ, ಕರೆಯುವ ಮಾಲಕರಿಗೂ ನಾವು ಹೇಳುವುದಿಷ್ಟು.

ಇಳಿಜಾರಿನಲ್ಲಿ ಭಾರದ ಕೆಳಬದಿಗೆ ಯಾರೂ ನಿಲ್ಲಬಾರದು. ಬಿಗಿಯಾದ ಹಗ್ಗದ ನೇರಕ್ಕೆ ನಿಲ್ಲಬಾರದು, ಅದನ್ನು ದಾಟಬಾರದು. ನೈಲಾನ್ ಹಗ್ಗ ರಬ್ಬರಿನ ಹಾಗೆ ಹಿಗ್ಗಿ, ಕಡಿದಾಗ ಚಾಟಿಯಾಗಿ ಹಿಂದಕ್ಕೆ ಹೊಡೆಯುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಉರುಳು ಮರವನ್ನು ತುದಿಯಲ್ಲಿ ಹಿಡಿದು ಇಡಬೇಕು, ಬೋಟಿನ ಅಡಿಗೆ ಬೆರಳು ಹಾಕಬಾರದು. ಜಾರಿ ಹೊರಟ ಭಾರವನ್ನು ಎದೆ ಕೊಟ್ಟು ನಿಲ್ಲಿಸಲು ಹೋಗಬಾರದು. ದೋಣಿ ಹೋದರೆ ಇನ್ನೊಂದು ಕಟ್ಟಬಹುದು. "ನಿಲ್ಲಿಸಿ" ಎಂದು ಯಾರು ಕೂಗಿದರೂ ನಿಲ್ಲಬೇಕು, "ಎಳೆಯಿರಿ" ಎಂದು ಹೇಳುವವನು ಮಾತ್ರ ಒಬ್ಬನೇ ಇರಬೇಕು.

ಇನ್ನು ಕಾಗದಪತ್ರದ ವಿಷಯ. ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದ ಯಾರಿಗೂ ಪ್ರಧಾನಮಂತ್ರಿ ಸುರಕ್ಷಾ ಬೀಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ ಅಪಘಾತ ವಿಮೆ ಸಿಗುತ್ತದೆ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ, ಒಂದು ಕೈಯೋ ಕಾಲೋ ಶಾಶ್ವತವಾಗಿ ಹೋದರೆ 1 ಲಕ್ಷ ರೂಪಾಯಿ. ಅಸಂಘಟಿತ ಕಾರ್ಮಿಕರಿಗಾಗಿ 2021ರಲ್ಲಿ ಶುರುವಾದ ಇ-ಶ್ರಮ್ ಪೋರ್ಟಲ್‌ನಲ್ಲಿ ಹೆಸರು ಹಾಕಲು ಆಧಾರ್, ಮೊಬೈಲ್, ಬ್ಯಾಂಕ್ ಖಾತೆ ಇದ್ದರೆ ಸಾಕು. ಒಂದು ಬೋಟ್ ಎಳೆಸುವ ಖರ್ಚಿನ ಮುಂದೆ ಇಪ್ಪತ್ತು ಜನರ ಹೆಸರಲ್ಲಿ ತಲಾ 20 ರೂಪಾಯಿ ಕಟ್ಟುವುದು ಬೋಟ್ ಮಾಲಕರಿಗೆ ದೊಡ್ಡದಲ್ಲ. ಜಮಾಅತ್‌ನ ಯುವಕರು, ಊರಿನ ಸಂಘಗಳು ಒಂದು ಆದಿತ್ಯವಾರ ದಕ್ಕೆಯ ಬದಿಯಲ್ಲೇ ಮೇಜು ಹಾಕಿ ಕೂತರೆ ಈ ಎರಡೂ ಕೆಲಸ ಒಂದೇ ದಿನ ಆಗುತ್ತದೆ.

ಇನ್ನೂ ಒಂದು ಕೆಲಸ ಬಾಕಿ ಉಂಟು. ನಮ್ಮ ದಕ್ಕೆಯ ಹಿರಿಯರಲ್ಲಿ ಉರುಳು ಇಡುವ ಕ್ರಮ, ಕಟ್ಟುವ ಗಂಟುಗಳ ಹೆಸರು, ಕೂಗಿನ ಸಾಲುಗಳು ಬಾಯಲ್ಲೇ ಉಳಿದಿವೆ. ಕೈಯಲ್ಲಿ ಮೊಬೈಲ್ ಇರುವ ಮೊಮ್ಮಕ್ಕಳು ಪಕ್ಕದಲ್ಲಿ ಕೂತು ಕೇಳಿ ದಾಖಲಿಸಿಕೊಂಡರೆ ಉಳಿಯುತ್ತವೆ. ಮುಂದಿನ ಮೇ ತಿಂಗಳಿಗೆ ಕಾಯಬೇಕಾಗಿಲ್ಲ. ಮಳೆಗಾಲದ ಎರಡು ತಿಂಗಳು ಬೋಟ್‌ಗಳು ಮಲಗಿರುತ್ತವೆ. ಕಾಕಂದಿರಿಗೆ ಆಗ ಪುರುಸೊತ್ತು ಉಂಟು.